ಓದುಗರ ಪ್ರಶ್ನೆ: ಗಾಯಾಳುವನ್ನು ಹೊತ್ತು ತಂದವರ ಚರಿತ್ರೆ

ಪ್ರಶ್ನೆ: ಮಗಳು ಅಮೆರಿಕದ ಮೇರಿಲ್ಯಾಂಡಿನಲ್ಲಿದ್ದಾಳೆ. ಅಲ್ಲಿ ಅಂತರ್ಯುದ್ಧದ ವೈದ್ಯಕೀಯಕ್ಕೇ ಮೀಸಲಾದ ವಸ್ತುಸಂಗ್ರಹಾಲಯ ಇದೆಯಂತೆ. ಗರಗಸ, ರಕ್ತ ನೋಡಲು ನನ್ನಿಂದಾಗದು. ಆದರೂ ಹೋಗಬಹುದೇ?
— ನಿವೃತ್ತ ನರ್ಸ್, ಶಿವಮೊಗ್ಗ

ಖಂಡಿತ ಹೋಗಿ. ನರ್ಸ್ ಆಗಿದ್ದವರಿಗೆ ಅಲ್ಲಿ ಕಾಣುವಷ್ಟು ಬೇರೆಯವರಿಗೆ ಕಾಣದು. ಫ್ರೆಡರಿಕ್ ಊರಿನ ನ್ಯಾಷನಲ್ ಮ್ಯೂಸಿಯಂ ಆಫ್ ಸಿವಿಲ್ ವಾರ್ ಮೆಡಿಸಿನ್ ಒಂದು ಹಳೆಯ ಕಟ್ಟಡದಲ್ಲಿದೆ. 1862ರ ಆಂಟೀಟಮ್ ಕದನದಲ್ಲಿ ಸತ್ತವರ ದೇಹಗಳನ್ನು ಕೆಡದಂತೆ ಸಂಸ್ಕರಿಸಿದ್ದು ಅದೇ ಕಟ್ಟಡದಲ್ಲಿ. ಗರಗಸದ ಪೆಟ್ಟಿಗೆ ದಾಟಿ ಮುಂದೆ ಹೋಗಿ, ಆಂಬುಲೆನ್ಸ್ ಗಾಡಿ ಮತ್ತು ಜೊನಾಥನ್ ಲೆಟರ್‌ಮನ್ ಕುರಿತ ಭಾಗದ ಮುಂದೆ ನಿಧಾನವಾಗಿ ನಿಲ್ಲಿ. 1862ರ ಆಗಸ್ಟ್ ಕೊನೆಯ ಬುಲ್ ರನ್ ಕದನದಲ್ಲಿ ಗಾಯಾಳುಗಳು ದಿನಗಟ್ಟಲೆ ಬಯಲಲ್ಲೇ ಬಿದ್ದಿದ್ದರು. ಗಾಡಿ ಹೊಡೆಯಲು ಕೂಲಿಗೆ ಬಂದಿದ್ದ ಎಷ್ಟೋ ಜನ ಓಡಿಹೋಗಿದ್ದರು. ಉತ್ತರದ ಕಡೆಯ ಪೊಟೊಮ್ಯಾಕ್ ಸೇನೆಯ ವೈದ್ಯಾಧಿಕಾರಿಯಾಗಿದ್ದ ಲೆಟರ್‌ಮನ್ ಗಾಡಿ, ಕುದುರೆ, ಆಳು ಎಲ್ಲವನ್ನೂ ವೈದ್ಯಕೀಯ ವಿಭಾಗದ ಕೈಕೆಳಗೆ ತಂದರು. ಗುಂಡು ತಲುಪದಷ್ಟು ದೂರದಲ್ಲಿ ಪಟ್ಟಿ ಕಟ್ಟುವ ಠಾಣೆ, ಅದರ ಹಿಂದೆ ಕೊಟ್ಟಿಗೆ, ಮನೆಗಳಲ್ಲಿ ಕ್ಷೇತ್ರ ಆಸ್ಪತ್ರೆ, ಆಮೇಲೆ ಊರಿನ ದೊಡ್ಡ ಆಸ್ಪತ್ರೆ ಎಂದು ಮೂರು ಹಂತ ಮಾಡಿದರು. ಸೆಪ್ಟೆಂಬರ್ 17ರ ಆಂಟೀಟಮ್‌ನಲ್ಲಿ ಎರಡೂ ಕಡೆ ಸೇರಿ ಸುಮಾರು 17,000 ಮಂದಿ ಗಾಯಗೊಂಡರು. ಉತ್ತರದ ಸೇನೆಯ ಗಾಯಾಳುಗಳನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಬಯಲಿನಿಂದ ಎತ್ತಲು ಸಾಧ್ಯವಾದದ್ದು ಈ ವ್ಯವಸ್ಥೆಯಿಂದ.

ಇದೇ ಸಂಸ್ಥೆ ಇನ್ನೆರಡು ಕಡೆಯೂ ಕಾರ್ಯಕ್ರಮ ನಡೆಸುತ್ತದೆ: ಆಂಟೀಟಮ್ ಬಯಲಿನಲ್ಲೇ ಇರುವ ಪ್ರೈ ಹೌಸ್ ಎಂಬ ಹಳೆಯ ಮನೆ, ಮತ್ತು ಆ ಯುದ್ಧದಲ್ಲಿ ಗಾಯಾಳುಗಳ ಸೇವೆ ಮಾಡಿದ ಕ್ಲಾರಾ ಬಾರ್ಟನ್ ವಾಷಿಂಗ್ಟನ್‌ನಲ್ಲಿ ಕಾಣೆಯಾದ ಸೈನಿಕರನ್ನು ಹುಡುಕಲು ನಡೆಸಿದ ಕಚೇರಿ. ಅವರಿಗೆ 63,000ಕ್ಕೂ ಹೆಚ್ಚು ಪತ್ರ ಬಂದವು. 22,000ಕ್ಕೂ ಹೆಚ್ಚು ಸೈನಿಕರು ಏನಾದರೆಂದು ಮನೆಯವರಿಗೆ ತಿಳಿಯಿತು. ಈ ಎರಡೂ ಜಾಗ ಎಲ್ಲ ದಿನ ತೆರೆದಿರುವುದಿಲ್ಲ, ಮೊದಲೇ ವಿಚಾರಿಸಿ. ಮೂರನ್ನೂ ಒಂದೇ ದಿನಕ್ಕೆ ತುರುಕಬೇಡಿ.

ಪ್ರಶ್ನೆ: ಆ ಕಾಲದಲ್ಲಿ ಬಾಯಿಗೆ ಗುಂಡು ಕೊಟ್ಟು, ಕಚ್ಚಿಕೊಳ್ಳಲು ಹೇಳಿ ಕಾಲು ಕತ್ತರಿಸುತ್ತಿದ್ದರು ಎಂದು ಓದಿದ್ದೇನೆ. ನಿಜವೇ?
— ಪಿಯುಸಿ ವಿದ್ಯಾರ್ಥಿ, ಬಾಗಲಕೋಟೆ

ಅಮೆರಿಕದ ಅಂತರ್ಯುದ್ಧದ ಮಟ್ಟಿಗೆ ಇದು ತಪ್ಪು. 1861ರ ಹೊತ್ತಿಗೆ ಈಥರ್, ಕ್ಲೋರೋಫಾರಂ ಎರಡೂ ಬಳಕೆಗೆ ಬಂದು ಹತ್ತು ವರ್ಷಕ್ಕಿಂತ ಹೆಚ್ಚಾಗಿತ್ತು. ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ಬಹುಪಾಲು ಅರಿವಳಿಕೆ ಕೊಟ್ಟೇ ಮಾಡಿದವು. ಕ್ಲೋರೋಫಾರಂ ಮೇಲೆ ಒಲವು ಹೆಚ್ಚಿದ್ದಕ್ಕೆ ಕಾರಣವಿದೆ. ಅದು ಸ್ವಲ್ಪ ಸಾಕು, ಬೇಗ ಹಿಡಿಯುತ್ತದೆ, ಮತ್ತು ಈಥರ್‌ನಂತೆ ದೀಪದ ಹತ್ತಿರ ಹೊತ್ತಿಕೊಳ್ಳುವುದಿಲ್ಲ. ಬಟ್ಟೆಯನ್ನು ಶಂಕುವಿನಂತೆ ಮಡಚಿ, ಒಳಗೆ ಹನಿ ಹಾಕಿ, ಮೂಗಿನಿಂದ ಸ್ವಲ್ಪ ದೂರ ಹಿಡಿದು ಮೆಲ್ಲಗೆ ಹತ್ತಿರ ತರುತ್ತಿದ್ದರು. ಮೊದಲೇ ಮುಖಕ್ಕೆ ಒತ್ತಿದರೆ ಗಾಳಿ ಸಾಲದೆ ಜೀವಕ್ಕೆ ಅಪಾಯ.

ಹಾಗಾದರೆ ಕಟ್ಟುಕತೆ ಹುಟ್ಟಿದ್ದು ಹೇಗೆ? ಅರಿವು ತಪ್ಪುವ ಮುನ್ನ ರೋಗಿ ನರಳಿ, ಕೈಕಾಲು ಬಡಿಯುವ ಒಂದು ಹಂತವಿದೆ. ಬೆಳಕಿಗಾಗಿ ಮೇಜನ್ನು ಬಯಲಲ್ಲೋ ಜಗುಲಿಯಲ್ಲೋ ಹಾಕುತ್ತಿದ್ದರು. ದೂರದಿಂದ ನೋಡಿದವರಿಗೆ ನಾಲ್ಕು ಜನ ಹಿಡಿದುಕೊಂಡದ್ದು, ಕೂಗು, ಗರಗಸ ಇಷ್ಟೇ ಕಂಡಿತು. ಸೈನಿಕರನ್ನು ಕೊಂದದ್ದು ಶಸ್ತ್ರಕ್ರಿಯೆಯ ನೋವಲ್ಲ, ಆಮೇಲೆ ಏರಿದ ಕೀವು. ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿದ ಸ್ಪಂಜಿನಿಂದ ಒಬ್ಬರಾದ ಮೇಲೆ ಒಬ್ಬರ ಗಾಯ ಒರೆಸುತ್ತಿದ್ದರು. ಬ್ರಿಟಿಷ್ ಶಸ್ತ್ರವೈದ್ಯ ಲಿಸ್ಟರ್ ಗಾಯ ಕೀವಾಗದಂತೆ ತಡೆಯುವ ತಮ್ಮ ಕಾರ್ಬಾಲಿಕ್ ಆಮ್ಲದ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ, ಯುದ್ಧ ಮುಗಿದು ಎರಡು ವರ್ಷದ ನಂತರ.

ಪ್ರಶ್ನೆ: ಒಂಬತ್ತನೇ ತರಗತಿಯ 40 ಮಕ್ಕಳಿಗೆ ಇಂಥ ಒಂದು ಪ್ರಾತ್ಯಕ್ಷಿಕೆ ಮಾಡಿಸಬೇಕೆಂದಿದ್ದೇನೆ. ಎರಡು ಗಂಟೆ ಸಮಯವಿದೆ, ಹಣ ಕಡಿಮೆ. ಏನು ಮಾಡಿಸಲಿ?
— ಇತಿಹಾಸ ಶಿಕ್ಷಕಿ, ಹಾವೇರಿ

ಕೆಂಪು ಬಣ್ಣ ಸುರಿದು ರಕ್ತ ತೋರಿಸುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಮಕ್ಕಳು ಬಣ್ಣವನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ. ಎರಡು ಕೆಲಸ ಸಾಕು: ಪಟ್ಟಿ ಸುತ್ತುವುದು, ಗಾಯಾಳುವನ್ನು ಸಾಗಿಸುವುದು.

ಪಟ್ಟಿಗೆ ಎಂಟು ಮೊಳದ ಹಳೆಯ ಹತ್ತಿ ಪಂಚೆ ಮೂರು ಬೇಕು. ಹೊಸ ಪಂಚೆ ಬೇಡ, ಗಂಜಿಯಿಂದ ಬಿರುಸಾದ ಬಟ್ಟೆ ಕೈ ಮೇಲೆ ಕೂರದೆ ಜಾರುತ್ತದೆ. ಉದ್ದದ ಎರಡೂ ಅಂಚು ತೆಗೆದುಬಿಡಿ, ಅಂಚು ಹಿಗ್ಗುವುದಿಲ್ಲ, ಚರ್ಮವನ್ನು ಕೊರೆಯುತ್ತದೆ. ಅಗಲದ ತುದಿಯಲ್ಲಿ ಎರಡೂವರೆ ಇಂಚಿಗೊಂದು ಕತ್ತರಿ ಗುರುತು ಹಾಕಿ, ಉದ್ದಕ್ಕೆ ಕೈಯಿಂದ ಹರಿಯಿರಿ. ಹರಿದರೆ ನೂಲಿನ ಗುಂಟ ನೇರವಾಗಿ ಬರುತ್ತದೆ, ಕತ್ತರಿ ಸೊಟ್ಟ ಓಡುತ್ತದೆ. ಒಂದು ಪಂಚೆಗೆ ಸುಮಾರು 18 ಪಟ್ಟಿ. ಬದಿಯ ಬಿಡಿ ನೂಲುಗಳನ್ನು ಒಂದೂ ಉಳಿಯದಂತೆ ಕೀಳಿಸಿ. ಗಾಯ ಊದಿಕೊಂಡಾಗ ಸುತ್ತಿಕೊಂಡ ಒಂದು ನೂಲೇ ದಾರದಂತೆ ಬಿಗಿಯುತ್ತದೆ.

ತುದಿಯನ್ನು ನಾಲ್ಕೈದು ಸಲ ಮಡಚಿ ಗಟ್ಟಿ ತಿರುಳು ಮಾಡಿ, ತೊಡೆಯ ಮೇಲೆ ಅಂಗೈಯಿಂದ ಉರುಳಿಸಬೇಕು. ಇನ್ನೊಬ್ಬರು ಎದುರು ಕೂತು ಬಟ್ಟೆಯನ್ನು ಎಳೆದು ಹಿಡಿಯಬೇಕು. ಸುರುಳಿಯ ನಡುವೆ ಹೆಬ್ಬೆರಳು ಒತ್ತಿದಾಗ ತಿರುಳು ಆಚೆ ಬಂದರೆ ಅದು ಸಡಿಲ, ಬಿಚ್ಚಿ ಮತ್ತೆ ಸುತ್ತಿಸಿ. ಕಟ್ಟುವಾಗ ಮಣಿಕಟ್ಟಿನಿಂದ ಮೇಲಕ್ಕೆ ಹೋಗಬೇಕು, ಪ್ರತಿ ಸುತ್ತು ಹಿಂದಿನದರ ಮೂರರಲ್ಲಿ ಎರಡು ಭಾಗವನ್ನು ಮುಚ್ಚಬೇಕು. ಬೆರಳ ತುದಿಗಳು ಹೊರಗಿರಲಿ. ಉಗುರು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ ಬಿಗಿ ಹೆಚ್ಚಾಗಿದೆ, ಕೂಡಲೇ ಬಿಚ್ಚಿ. ರಕ್ತ ನಿಲ್ಲಿಸುವ ಟೂರ್ನಿಕೆಟ್ ತೋರಿಸುವುದಾದರೆ ಸುತ್ತಿದ ಹಾಸಿಗೆಯ ಮೇಲೆ ತೋರಿಸಿ, ಮಕ್ಕಳ ಕೈಗೆ ಎಂದೂ ಕಟ್ಟಬೇಡಿ.

ಸ್ಟ್ರೆಚರಿಗೆ ಏಳಡಿಯ ಎರಡು ಬಿದಿರು ಗಳ, ಎರಡು ಗೋಣಿಚೀಲ. ಚೀಲದ ತಳದ ಎರಡು ಮೂಲೆ ಕತ್ತರಿಸಿ ಗಳ ತೂರಿಸಿ. ಎರಡೂ ತುದಿಗೆ ಎರಡಡಿಯ ಅಡ್ಡಕೋಲು ಬಿಗಿಯದಿದ್ದರೆ ಗಳಗಳು ಹತ್ತಿರ ಬಂದು ಮಲಗಿದವರು ಜೋಳಿಗೆಯಲ್ಲಿ ಸಿಕ್ಕಂತಾಗುತ್ತದೆ. ಪ್ಲಾಸ್ಟಿಕ್ ಚೀಲ ಜಾರುತ್ತದೆ, ಬೇಡ. ಮಕ್ಕಳನ್ನು ಮಲಗಿಸುವ ಬದಲು 30 ಕೆ.ಜಿ. ಮರಳಿನ ಮೂಟೆ ಇಡಿ, ನಾಲ್ವರು ಹೊರಲಿ. ಮುಂದಿನವರು ಎಡಗಾಲು ಇಟ್ಟರೆ ಹಿಂದಿನವರು ಬಲಗಾಲು ಇಡಬೇಕು. ಹೆಜ್ಜೆ ಒಂದಾದರೆ ಸ್ಟ್ರೆಚರ್ ತೊಟ್ಟಿಲಿನಂತೆ ತೂಗುತ್ತದೆ.

ಮೈದಾನದಲ್ಲಿ 30 ಮೀಟರಿಗೊಂದರಂತೆ ಮೂರು ಠಾಣೆ ಮಾಡಿ. 12 ಚೀಟಿಗಳಲ್ಲಿ ಒಂದೊಂದು ಗಾಯ ಬರೆಯಿರಿ, ಒಂದು ಚೀಟಿ ಎಂದರೆ ಒಬ್ಬ ಗಾಯಾಳು. ಎರಡು ಮೂರು ಚೀಟಿಯಲ್ಲಿ ‘ಪ್ರಜ್ಞೆ ಇಲ್ಲ, ಕೂಗುತ್ತಿಲ್ಲ’ ಎಂದಿರಲಿ, ಉಳಿದವುಗಳಲ್ಲಿ ‘ಜೋರಾಗಿ ಕೂಗುತ್ತಿದ್ದಾನೆ’ ಎಂದಿರಲಿ. ಮಕ್ಕಳು ಜೋರಾಗಿ ಕೂಗುವವರನ್ನೇ ಮೊದಲು ಹೊರುತ್ತಾರೆ, ಸುಮ್ಮನಿದ್ದವರು ಉಳಿದುಬಿಡುತ್ತಾರೆ. ಸ್ಟ್ರೆಚರ್ ಎರಡಕ್ಕಿಂತ ಹೆಚ್ಚು ಕೊಡಬೇಡಿ. ಮೊದಲ ಸಲ ಯಾರನ್ನೂ ಮುಖ್ಯಸ್ಥರನ್ನಾಗಿ ಮಾಡದೆ ಬಿಡಿ, ಎರಡನೇ ಸಲ ಒಬ್ಬಳಿಗೆ ಅಧಿಕಾರ ಕೊಡಿ. ಎರಡೂ ಸಲದ ಸಮಯವನ್ನು ಹಲಗೆಯ ಮೇಲೆ ಬರೆದು, ಆಮೇಲೆ ಲೆಟರ್‌ಮನ್ ಹೆಸರು ಹೇಳಿ.

ಪ್ರಶ್ನೆ: ಶ್ರೀರಂಗಪಟ್ಟಣದ ಯುದ್ಧಕ್ಕೂ ಪ್ಲಾಸ್ಟಿಕ್ ಸರ್ಜರಿಗೂ ಸಂಬಂಧವಿದೆಯೇ? ನಮ್ಮ ಕಾಲೇಜಿನ ಪ್ರದರ್ಶನದಲ್ಲಿ ಇಡಬಹುದೇ?
— ವೈದ್ಯಕೀಯ ವಿದ್ಯಾರ್ಥಿ, ಮೈಸೂರು

ಇಡಲೇಬೇಕು. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನೆಯ ಎತ್ತಿನ ಗಾಡಿ ಹೊಡೆಯುತ್ತಿದ್ದ ಕೋವಾಸ್‌ಜಿ ಎಂಬ ಮರಾಠ 1792ರಲ್ಲಿ ಟಿಪ್ಪುವಿನ ಸೇನೆಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷದ ನಂತರ ಪುಣೆಯ ಬಳಿಯ, ಇಟ್ಟಿಗೆ ಮಾಡುವ ಜಾತಿಯ ಒಬ್ಬ ಕುಶಲಿ ಅವನಿಗೆ ಹೊಸ ಮೂಗು ಮಾಡಿದ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ 1794ರ ಅಕ್ಟೋಬರಿನಲ್ಲಿ ಅದನ್ನು ಚಿತ್ರಸಮೇತ ಅಚ್ಚು ಹಾಕಿತು. ಆ ಕುಶಲಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ನಿಮ್ಮ ಫಲಕದಲ್ಲಿ ಇದನ್ನೂ ಬರೆಯಿರಿ.

ಕ್ರಮ ಹೀಗಿತ್ತು: ತೆಳು ಮೇಣದ ತಗಡನ್ನು ಮೂಗಿನಾಕಾರಕ್ಕೆ ಒತ್ತಿ, ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆಯುವುದು. ಆ ಗೆರೆಯಂತೆ ಚರ್ಮ ಬಿಡಿಸಿ, ಹುಬ್ಬುಗಳ ನಡುವೆ ಮಾತ್ರ ಒಂದು ತೊಟ್ಟು ಉಳಿಸುವುದು. ರಕ್ತ ಹರಿಯುವುದು ಅದರಲ್ಲೇ. ಮೂಗಿನ ಮೋಟಿನ ಅಂಚನ್ನು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸುವುದು. ನೀರಲ್ಲಿ ಮೆದುಗೊಳಿಸಿದ ಕಾಚನ್ನು ಬಟ್ಟೆ ಚೂರುಗಳಿಗೆ ಹಚ್ಚಿ ಐದಾರು ಪದರ ಅಂಟಿಸುವುದು. ನಾಲ್ಕು ದಿನದ ನಂತರ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕುವುದು. ಹತ್ತನೇ ದಿನ ಹೊಳ್ಳೆಗಳಿಗೆ ಮೃದು ಬಟ್ಟೆ ಇಡುವುದು, ಸುಮಾರು 25ನೇ ದಿನ ತೊಟ್ಟು ಕತ್ತರಿಸುವುದು. ಮೊದಲೇ ಕತ್ತರಿಸಿದರೆ ಹೊಸ ರಕ್ತನಾಳ ಕೂಡಿಕೊಂಡಿರುವುದಿಲ್ಲ, ಮೂಗು ಕಪ್ಪಾಗಿ ಸಾಯುತ್ತದೆ. ಮಾದರಿಗೆ ಕಾಗದ ಬಳಸಬೇಡಿ, ತಿರುವಿದಲ್ಲೇ ಹರಿಯುತ್ತದೆ. ಹಳೆಯ ಸೈಕಲ್ ಟ್ಯೂಬಿನ ರಬ್ಬರ್ ಸರಿಹೋಗುತ್ತದೆ, ತಿರುವಿನ ಗಂಟು ಎದ್ದು ಕಂಡು ಎರಡನೇ ಶಸ್ತ್ರಕ್ರಿಯೆ ಏಕೆ ಬೇಕೆಂದು ನೋಡಿದವರಿಗೇ ತಿಳಿಯುತ್ತದೆ.

ಆ ಪತ್ರಿಕೆಯ ಬರಹ ಓದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಇದೇ ಶಸ್ತ್ರಕ್ರಿಯೆ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಆ ತೊಟ್ಟನ್ನೇ ಕೊಳವೆಯಂತೆ ಹೊಲಿದರು. ಹಸಿ ಭಾಗ ಒಳಗೆ ಸೇರಿ ಕೀವು ಕಡಿಮೆಯಾಯಿತು. ಅವರ ಗಾಯಾಳುಗಳನ್ನು ಹೆನ್ರಿ ಟಾಂಕ್ಸ್ ಬಿಡಿಸಿದ ಚಿತ್ರಗಳು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಗ್ರಹದಲ್ಲಿವೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ನಮ್ಮ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಜಾಗ ನೋಡಬಹುದೇ?
— ಓದುಗರು, ಧಾರವಾಡ

ಬ್ರೈಟನ್ನಿನ ರಾಯಲ್ ಪೆವಿಲಿಯನ್‌ಗೆ ಹೋಗಿ. 1914ರ ಕೊನೆಯಿಂದ 1916ರ ಆರಂಭದವರೆಗೆ ಅದು ಭಾರತೀಯ ಸೈನಿಕರ ಆಸ್ಪತ್ರೆ. ಒಂಬತ್ತು ಅಡುಗೆಮನೆ, ಹಿಂದೂ ಮುಸ್ಲಿಮರಿಗೆ ಬೇರೆ ಬೇರೆ ನಲ್ಲಿ ಇದ್ದವು. ಆ ಕಾಲದ ಕುರಿತ ಒಂದು ಕೊಠಡಿಯನ್ನು ಒಳಗೆ ಕಾಯ್ದಿಟ್ಟಿದ್ದಾರೆ. ಊರಾಚೆಯ ಗುಡ್ಡದ ಮೇಲೆ 53 ಹಿಂದೂ ಮತ್ತು ಸಿಖ್ ಸೈನಿಕರನ್ನು ದಹನ ಮಾಡಿದ ಜಾಗದಲ್ಲಿ 1921ರ ಛತ್ರಿ ಸ್ಮಾರಕವಿದೆ. ಅಲ್ಲಿಗೆ ಕಾರು ಹೋಗದು, ಬಯಲಲ್ಲಿ ನಡೆಯಬೇಕು. ಮಳೆಯಾದ ಮರುದಿನ ದಾರಿ ಕೆಸರು, ಗಟ್ಟಿ ಶೂ ಹಾಕಿಕೊಳ್ಳಿ.