ಕಾರಿನ ಥರ್ಮೋಸ್ಟಾಟ್ ಅನ್ನು ಮನೆಯಲ್ಲೇ ಬದಲಾಯಿಸಬಹುದೇ?

ನೀವು ಎರಡು ವಿಷಯ ಕೇಳಿದ್ದೀರಿ. ಹಳೆಯ ಪೆಟ್ರೋಲ್ ಕಾರನ್ನು ಇಪ್ಪತ್ತು ನಿಮಿಷ ಓಡಿಸಿದರೂ ಉಷ್ಣಾಂಶದ ಮುಳ್ಳು ಅರ್ಧಕ್ಕೆ ಏರುವುದಿಲ್ಲ, ವೇಗ ಹೆಚ್ಚಿದಾಗ ಇನ್ನೂ ಕೆಳಗಿಳಿಯುತ್ತದೆ, ಹಾಗಾಗಿ ಥರ್ಮೋಸ್ಟಾಟ್ ಅನ್ನು ನಾನೇ ಬದಲಾಯಿಸಬಹುದೇ ಎಂಬುದು ಮೊದಲನೆಯದು. ಅದು ಹೇಗೂ ತೆರೆದೇ ನಿಂತಿದೆಯಲ್ಲ, ತೆಗೆದುಹಾಕಿ ಹಾಗೆಯೇ ಓಡಿಸಿದರೆ ಆಗದೇ ಎಂಬುದು ಎರಡನೆಯದು. ನೀವೇ ಬದಲಾಯಿಸಬಹುದು, ತೆಗೆದುಹಾಕಿ ಓಡಿಸುವುದು ಮಾತ್ರ ಬೇಡ. ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ, ಆದರೆ ನಮ್ಮ ಮನೆಯ ಮೂರು ಕಾರುಗಳಿಗೆ ಈ ಕೆಲಸವನ್ನು ಕೈಯಾರೆ ಮಾಡಿದ್ದೇನೆ. ಬೋಲ್ಟ್ ಬಿಚ್ಚಿ ಮತ್ತೆ ಕಟ್ಟುವುದಕ್ಕೆ ಹೆಚ್ಚೆಂದರೆ ಒಂದು ಗಂಟೆ ಸಾಕು. ಬಿಚ್ಚುವ ಮೊದಲು ದೋಷ ಅಲ್ಲೇ ಇದೆಯೆಂದು ಖಚಿತಪಡಿಸಿಕೊಳ್ಳುವುದು ಮತ್ತು ಕಟ್ಟಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಪೂರ್ತಿ ಹೊರಹಾಕುವುದು, ತಾಳ್ಮೆ ಬೇಕಾಗಿರುವುದು ಈ ಎರಡಕ್ಕೆ.

ಈ ಬಿಡಿಭಾಗ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಥರ್ಮೋಸ್ಟಾಟ್‌ನ ನಡುವೆ ಬೆರಳಿನ ತುದಿಯಷ್ಟು ದೊಡ್ಡ ಲೋಹದ ಡಬ್ಬಿಯೊಂದಿದ್ದು, ಅದರೊಳಗೆ ಮೇಣ ತುಂಬಿರುತ್ತದೆ. ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್ ಬಿಸಿಯಾದಾಗ ಮೇಣ ಕರಗಿ ಹಿಗ್ಗುತ್ತದೆ, ಹಿಗ್ಗಿದ ಮೇಣ ಒಂದು ಸಣ್ಣ ದಂಡವನ್ನು ಒತ್ತುತ್ತದೆ, ಆ ಒತ್ತಡಕ್ಕೆ ಸ್ಪ್ರಿಂಗ್ ಮಣಿದು, ಕೂಲಂಟನ್ನು ತಣಿಸುವ ರೇಡಿಯೇಟರ್ ಕಡೆಗಿನ ಬಾಗಿಲು ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಬಾಗಿಲನ್ನು ಮತ್ತೆ ಮುಚ್ಚುತ್ತದೆ. ಬಹುತೇಕ ಕಾರುಗಳಲ್ಲಿ ಇದು 82ರಿಂದ 92 ಡಿಗ್ರಿ ಸೆಲ್ಸಿಯಸ್ ನಡುವಿನ ಒಂದು ನಿಗದಿತ ಉಷ್ಣಾಂಶದಲ್ಲಿ ತೆರೆಯಲು ಶುರುವಾಗಿ, ಅಲ್ಲಿಂದ ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯುತ್ತದೆ. ಮುಚ್ಚಿರುವಷ್ಟು ಹೊತ್ತು ಕೂಲಂಟ್ ರೇಡಿಯೇಟರ್‌ಗೆ ಹೋಗದೆ, ಬೈಪಾಸ್ ಎಂಬ ಅಡ್ಡದಾರಿಯಿಂದ ಎಂಜಿನ್ನಿನೊಳಗೇ ಸುತ್ತುತ್ತಿರುತ್ತದೆ. ಎಂಜಿನ್ ಬೇಗ ಬಿಸಿಯಾಗುವುದು ಹೀಗೆ.

ಇದನ್ನು ತೆಗೆದುಹಾಕಿದರೆ ಎಂಜಿನ್ ಸದಾ ತಣ್ಣಗೇ ಓಡುತ್ತದೆ. ಎಂಜಿನ್ ಇನ್ನೂ ಬಿಸಿಯಾಗಿಲ್ಲವೆಂದು ತಿಳಿದ ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಸಿಲಿಂಡರಿನ ಗೋಡೆ ಬೇಗ ಸವೆಯುತ್ತದೆ, ಆಯಿಲ್‌ನೊಳಗೆ ಸೇರಿದ ನೀರಿನಂಶವೂ ಪೆಟ್ರೋಲಿನಂಶವೂ ಆವಿಯಾಗದೆ ಅಲ್ಲೇ ಉಳಿಯುತ್ತವೆ. ಅನೇಕರಿಗೆ ಗೊತ್ತಿಲ್ಲದ ಇನ್ನೊಂದು ಅಪಾಯವೂ ಇದೆ. ಕೆಲವು ಥರ್ಮೋಸ್ಟಾಟ್‌ಗಳ ಕೆಳತುದಿಯಲ್ಲಿ ಎರಡನೆಯದೊಂದು ತಟ್ಟೆ ಇರುತ್ತದೆ. ಮೇಲಿನ ಬಾಗಿಲು ತೆರೆದಾಗ ಆ ತಟ್ಟೆ ಕೆಳಗಿಳಿದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಂಥದ್ದನ್ನು ತೆಗೆದುಬಿಟ್ಟರೆ ಬೈಪಾಸ್ ಎಂದೂ ಮುಚ್ಚುವುದಿಲ್ಲ, ಬಿಸಿ ಕೂಲಂಟಿನ ಒಂದು ಪಾಲು ರೇಡಿಯೇಟರ್ ಕಾಣದೆಯೇ ಎಂಜಿನ್ನಿಗೆ ಮರಳುತ್ತದೆ, ಆದ್ದರಿಂದ ಏರುದಾರಿಯಲ್ಲಿ ಭಾರ ಹೊತ್ತು ಹೋಗುವಾಗ ಅದೇ ಕಾರು ವಿಪರೀತ ಕಾಯಬಹುದು.

ಈಗ ದೋಷ ಪತ್ತೆ. ರಾತ್ರಿಯಿಡೀ ನಿಂತಿದ್ದ ಕಾರಿನ ಬಾನೆಟ್ ತೆರೆದು, ಮೊದಲು ಕೂಲಂಟಿನ ಮಟ್ಟ ಸರಿಯಿದೆಯೇ ನೋಡಿ. ಮಟ್ಟ ಕಡಿಮೆಯಿದ್ದರೂ ಮುಳ್ಳು ತಪ್ಪು ತೋರಿಸುತ್ತದೆ. ಆಮೇಲೆ ಎಂಜಿನ್ ಚಾಲೂ ಮಾಡಿ, ರೇಡಿಯೇಟರ್‌ನ ಮೇಲಿನ ಹೋಸ್‌ಪೈಪಿನ ಮೇಲೆ ಆಗಾಗ ಅಂಗೈಯಿಟ್ಟು ನೋಡುತ್ತಿರಿ. ಫ್ಯಾನು ಯಾವ ಸೂಚನೆಯೂ ಇಲ್ಲದೆ ತಿರುಗಬಹುದಾದ್ದರಿಂದ ಕೈಯನ್ನೂ ತೋಳಿನ ಬಟ್ಟೆಯನ್ನೂ ಅದರಿಂದ ದೂರವಿಡಿ. ಥರ್ಮೋಸ್ಟಾಟ್ ಸರಿಯಾಗಿದ್ದರೆ ಈ ಪೈಪು ಹಲವು ನಿಮಿಷ ತಣ್ಣಗಿದ್ದು, ಬಾಗಿಲು ತೆರೆದ ಗಳಿಗೆಯಲ್ಲಿ ಥಟ್ಟನೆ ಬಿಸಿಯಾಗುತ್ತದೆ. ಎಂಜಿನ್ ಚಾಲೂ ಆದ ಒಂದೆರಡು ನಿಮಿಷದಿಂದಲೇ ಪೈಪು ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ಬಾಗಿಲು ತೆರೆದೇ ನಿಂತಿದೆ ಎಂದರ್ಥ. ಥರ್ಮೋಸ್ಟಾಟ್ ಕೆಳಗಿನ ಪೈಪಿನ ಕಡೆಗಿರುವ ಕಾರುಗಳಲ್ಲಿ ಮಾತ್ರ ಮೇಲಿನ ಪೈಪು ಬೇಗ ಬೆಚ್ಚಗಾಗುವುದು ಸಹಜ. ಅಲ್ಲಿ ಕೆಳಗಿನ ಪೈಪನ್ನು ಗಮನಿಸಬೇಕು. ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿ ನೋಡುವ ಅನುಕೂಲವಿದ್ದರೆ ಪಿ0128 ಎಂಬ ಕೋಡ್ ಕಾಣಿಸಬಹುದು. ಕೂಲಂಟ್ ನಿರೀಕ್ಷಿತ ಉಷ್ಣಾಂಶಕ್ಕೆ ಏರುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಉಷ್ಣಾಂಶದ ಸೆನ್ಸರ್ ಕೆಟ್ಟಿದ್ದರೂ, ಫ್ಯಾನು ನಿಲ್ಲದೆ ತಿರುಗುತ್ತಿದ್ದರೂ ಅದೇ ಕೋಡ್ ಬರಬಹುದು. ಆದ್ದರಿಂದ ಕೋಡ್ ಒಂದನ್ನೇ ನಂಬಿ ಬಿಡಿಭಾಗ ತರಬೇಡಿ, ಅಂಗೈಯ ಪರೀಕ್ಷೆಯನ್ನೂ ಮಾಡಿ.

ಹೊಸದನ್ನು ತರುವಾಗ ಕಾರಿನ ಮಾದರಿ, ವರ್ಷ, ಎಂಜಿನ್ ಹೇಳಿ ತನ್ನಿ. ತೆರೆಯುವ ಉಷ್ಣಾಂಶವನ್ನು ಹಳೆಯದರ ಲೋಹದ ಮೇಲೆ ಅಚ್ಚೊತ್ತಿರುತ್ತಾರೆ. ಅದೇ ಅಂಕೆಯದ್ದನ್ನೇ ಹಾಕಿ. ಕಡಿಮೆ ಡಿಗ್ರಿಯದ್ದು ಹಾಕಿದರೆ ಎಂಜಿನ್ ತಂಪಾಗಿ ಬಾಳುತ್ತದೆ ಎಂಬ ಮಾತನ್ನು ಕೇಳಬೇಡಿ. ಸಂದಿಯಲ್ಲಿ ಸೋರದಂತೆ ಹಾಕುವ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹೊಸದೇ ಇರಲಿ. ಕೆಲವು ಹೊಸ ಕಾರುಗಳಲ್ಲಿ ಥರ್ಮೋಸ್ಟಾಟ್‌ಗೆ ವಿದ್ಯುತ್ ತಂತಿ ಜೋಡಿಸಿರುತ್ತದೆ, ಮತ್ತೆ ಕೆಲವದರಲ್ಲಿ ಅದು ಹೊರಗಿನ ಪ್ಲಾಸ್ಟಿಕ್ ಕವಚದೊಂದಿಗೆ ಒಂದೇ ತುಂಡಾಗಿ ಬರುತ್ತದೆ. ನಿಮ್ಮದು ಅಂಥದ್ದಾದರೆ ಪೂರ್ತಿ ಜೋಡಣೆಯನ್ನೇ ಬದಲಾಯಿಸಬೇಕು.

ಹೊಸದನ್ನೂ ಹಾಕುವ ಮೊದಲು ನೀರಿನಲ್ಲಿ ಕಾಯಿಸಿ ಪರೀಕ್ಷಿಸುವುದು ನನ್ನ ಅಭ್ಯಾಸ. ಅಡುಗೆಗೆ ಮತ್ತೆಂದೂ ಬಳಸದ ಒಂದು ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟ್ ಅನ್ನು ತಳಕ್ಕೆ ತಾಗದಂತೆ ದಾರದಲ್ಲಿ ತೂಗಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಳಿಸಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ನನ್ನ ಎರಡನೆಯ ಕಾರಿನಿಂದ ತೆಗೆದ ಹಳೆಯದನ್ನೂ, ಅದರ ಜಾಗಕ್ಕೆ ತಂದ 88 ಡಿಗ್ರಿಯ ಹೊಸದನ್ನೂ ಒಂದೇ ನೀರಿನಲ್ಲಿ ತೂಗಿಬಿಟ್ಟಿದ್ದೆ. ಹಳೆಯದರ ಬಾಗಿಲಿನಂಚಿನಲ್ಲಿ ತಣ್ಣೀರಿನಲ್ಲೇ ಉಗುರು ತೂರುವಷ್ಟು ಸಂದಿತ್ತು. ತುಕ್ಕಿನ ಒಂದು ಚೂರು ಅಲ್ಲಿ ಸಿಕ್ಕಿಕೊಂಡು ಅದನ್ನು ಮುಚ್ಚಗೊಡದೆ ಹಿಡಿದಿತ್ತು. ಹೊಸದು 80 ದಾಟಿದರೂ ಬಿಗಿಯಾಗಿ ಮುಚ್ಚಿಕೊಂಡಿತ್ತು. 88ರ ಹತ್ತಿರ ಅದರ ಅಂಚಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆಯೊಂದು ಮೂಡಿ, ನೀರು ಕುದಿಯುವ ಹೊತ್ತಿಗೆ ಕಿರುಬೆರಳು ಹೋಗುವಷ್ಟು ಅಗಲವಾಯಿತು. ಇದನ್ನು ಒಮ್ಮೆ ಕಣ್ಣಾರೆ ಕಂಡವರಿಗೆ ಮುಂದಿನ ಕೆಲಸದ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಬಿಚ್ಚುವ ಕೆಲಸ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ಕೂಲಂಟ್ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾಗಿ ಒತ್ತಡ ಇಳಿದೊಡನೆ ಒಮ್ಮೆಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಟ್ಟರೆ ಫ್ಯಾನಿನ ಭಯವೂ ಇರುವುದಿಲ್ಲ. ಅಗಲವಾದ ಬಾಣಲಿಯನ್ನು ಕೆಳಗಿಟ್ಟು, ಥರ್ಮೋಸ್ಟಾಟ್ ಇರುವ ಎತ್ತರಕ್ಕಿಂತ ಕೆಳಗೆ ಇಳಿಯುವಷ್ಟು ಕೂಲಂಟ್ ಬಸಿದರೆ ಸಾಕು. ಬಸಿದದ್ದನ್ನು ತೆರೆದಿಡಬೇಡಿ, ನೆಲಕ್ಕೋ ಚರಂಡಿಗೋ ಚೆಲ್ಲಲೂ ಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳು ಬಾಯಿಗಿಟ್ಟುಕೊಳ್ಳುತ್ತಾರೆ; ಅದು ಮೂತ್ರಪಿಂಡವನ್ನು ಕೆಡಿಸುವ ವಿಷ. ಮುಚ್ಚಳವಿರುವ ಡಬ್ಬಿಗೆ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ.

ಪೈಪು ಕಚ್ಚಿಕೊಂಡಿದ್ದರೆ ಎಳೆಯದೆ, ಮೊದಲು ತಿರುಚಿ ಬಿಡಿಸಿ. ಕವಚದ ಬೋಲ್ಟ್‌ಗಳು ಸಾಮಾನ್ಯವಾಗಿ ಎರಡೋ ಮೂರೋ ಇರುತ್ತವೆ. ಅಲ್ಯೂಮಿನಿಯಮ್‌ನಲ್ಲಿ ವರ್ಷಗಟ್ಟಲೆ ಕೂತ ಬೋಲ್ಟ್ ಮುರಿಯುವ ಸಂಭವವಿರುವುದರಿಂದ, ಹಿಂದಿನ ದಿನವೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸುತ್ತ ತೆಗೆಯಿರಿ. ಕವಚ ಕಳಚಿದೊಡನೆ ಹಳೆಯದು ಯಾವ ಕಡೆಗೆ ಮುಖ ಮಾಡಿ ಕೂತಿದೆಯೆಂದು ಫೋಟೊ ತೆಗೆದುಕೊಳ್ಳಿ. ತೂತಿಗೆ ಶುಭ್ರವಾದ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್‌ನ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ; ಉಕ್ಕಿನ ಚಾಕುವಿನಿಂದ ಬಿದ್ದ ಒಂದು ಗೀರು ಸಾಕು, ಸೋರಿಕೆ ಶುರುವಾಗುತ್ತದೆ.

ಹೊಸದನ್ನು ಕೂರಿಸುವಾಗ ಸ್ಪ್ರಿಂಗ್ ಮತ್ತು ಮೇಣದ ಡಬ್ಬಿ ಎಂಜಿನ್ನಿನ ಕಡೆಗಿರಬೇಕು, ಏಕೆಂದರೆ ಬಿಸಿ ತಾಗಬೇಕಾಗಿರುವುದು ಮೇಣಕ್ಕೆ. ಅಂಚಿನಲ್ಲಿ ಅಲುಗಾಡುವ ಪುಟ್ಟ ಪಿನ್ ಇದ್ದರೆ, ಕೈಪಿಡಿ ಬೇರೆ ಹೇಳದ ಹೊರತು, ಅದು ಮೇಲ್ಗಡೆ ಬರಲಿ. ಒಳಗಿನ ಗಾಳಿ ಹೊರಹೋಗುವುದು ಆ ಸಣ್ಣ ತೂತಿನಿಂದಲೇ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ, ಕವಚ ಮುಚ್ಚುವಾಗ ಥರ್ಮೋಸ್ಟಾಟ್ ತನ್ನ ಕುಳಿಯಿಂದ ಒಂದು ಎಳೆಯಷ್ಟು ಜಾರಿದ್ದನ್ನು ಗಮನಿಸದೆ ಬೋಲ್ಟ್ ಬಿಗಿಯುತ್ತ ಹೋದೆ. ಟಕ್ ಎಂಬ ಸದ್ದಿನೊಂದಿಗೆ ಕವಚದ ಕಿವಿ ಬಿರುಕುಬಿಟ್ಟಿತು, ಹೊಸ ಕವಚಕ್ಕಾಗಿ ಕಾರು ನಾಲ್ಕು ದಿನ ನಿಂತಿತು. ಆದ್ದರಿಂದ ಬೋಲ್ಟ್‌ಗಳನ್ನು ಮೊದಲು ಬೆರಳಿನಿಂದಲೇ ತಿರುಗಿಸಿ, ಕವಚ ಸುತ್ತಲೂ ಸಮನಾಗಿ ಕೂತಿದೆಯೆಂದು ನೋಡಿ, ಆಮೇಲೆ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. 6 ಮಿಲಿಮೀಟರ್ ಬೋಲ್ಟ್‌ಗಳಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಮಾನ್ಯ. ನಿಮ್ಮ ಕಾರಿನ ಕೈಪಿಡಿಯಲ್ಲಿರುವ ಅಂಕೆಯೇ ಅಂತಿಮ.

ಗಾಳಿ ತೆಗೆಯುವ ಕೆಲಸಕ್ಕೆ ಅವಸರ ಸಲ್ಲದು. ಕೈಪಿಡಿ ಹೇಳಿದ ಬಗೆಯ ಕೂಲಂಟನ್ನೇ ತನ್ನಿ. ಬಣ್ಣ ಒಂದೇ ಇದೆಯೆಂದು ಬೇರೆ ಬಗೆಯದನ್ನು ಬೆರೆಸಬೇಡಿ. ನೀರು ಬೆರೆಸದ ಗಾಢವಾದ ಕೂಲಂಟ್ ಆದರೆ ಸಾಮಾನ್ಯವಾಗಿ ಸಮಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಬೇಕು. ನಲ್ಲಿ ನೀರಿನ ಲವಣ ರೇಡಿಯೇಟರ್‌ನೊಳಗೆ ಪದರಗಟ್ಟುತ್ತದೆ. ಸಾಧ್ಯವಾದರೆ ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ಸುರಿಯುತ್ತ ಮೇಲಿನ ಪೈಪನ್ನು ಕೈಯಿಂದ ಹಿಸುಕಿ ಬಿಡಿ; ಪ್ರತಿ ಹಿಸುಕಿಗೂ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ಸ್ಕ್ರೂವಿನಿಂದ ಗುಳ್ಳೆಯಿಲ್ಲದೆ ಕೂಲಂಟ್ ಬರತೊಡಗಿದಾಗ ಅದನ್ನು ಬಿಗಿದು, ಬ್ಯಾಟರಿ ತಂತಿ ಜೋಡಿಸಿ, ಹೀಟರ್ ಅನ್ನು ಪೂರ್ತಿ ಬಿಸಿಗೆ ತಿರುಗಿಸಿ ಎಂಜಿನ್ ಚಾಲೂ ಮಾಡಿ. ಮೊದಲ ಕೆಲವು ನಿಮಿಷ ಮುಚ್ಚಳ ತೆಗೆದಿಟ್ಟು, ಮಟ್ಟ ಇಳಿದಂತೆಲ್ಲ ತುಂಬಿಸಿ, ಮೇಲಿನ ಪೈಪು ಬೆಚ್ಚಗಾಗುವ ಮೊದಲೇ ಮುಚ್ಚಿಬಿಡಿ. ಅಲ್ಲಿಂದ ಮುಂದೆ ಫ್ಯಾನು ಎರಡು ಸಲ ತಿರುಗಿ ನಿಲ್ಲುವವರೆಗೂ ಎಂಜಿನ್ ಓಡಲಿ, ಕಣ್ಣು ಮುಳ್ಳಿನ ಮೇಲಿರಲಿ. ಹೀಟರಿನಿಂದ ಒಂದೇ ಸಮನೆ ಬಿಸಿ ಗಾಳಿ ಬಂದರೆ ಗಾಳಿ ಹೊರಹೋಗಿದೆ. ಮುಳ್ಳು ಏರುತ್ತಿದ್ದರೂ ಹೀಟರ್ ತಣ್ಣಗೇ ಇದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆಯೆಂದೇ ತಿಳಿದು, ತಕ್ಷಣ ಎಂಜಿನ್ ನಿಲ್ಲಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಮೊದಲಿನಿಂದ ಮಾಡಿ.

ಮರುದಿನ ಬೆಳಿಗ್ಗೆ ಮುಚ್ಚಳ ತೆರೆದಾಗ ಮಟ್ಟ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ತುಂಬಿಸಿ. ಒಂದು ವಾರ ಪ್ರತಿದಿನ ತಣ್ಣಗಿರುವಾಗ ನೋಡಿ. ದಿನವೂ ಇಳಿಯುತ್ತಿದ್ದರೆ ಕವಚದ ಸಂದಿಯಲ್ಲಿ ಒಣಗಿದ ಕೂಲಂಟಿನ ಬಿಳಿ ಅಥವಾ ಬಣ್ಣದ ಕಲೆಯಿದೆಯೇ ಎಂದು ಟಾರ್ಚ್ ಹಿಡಿದು ಹುಡುಕಿ. ಮುಳ್ಳು ಎಂದಿನ ಜಾಗಕ್ಕೆ ಬಂದು, ವೇಗವಾಗಿ ಹೋಗುವಾಗಲೂ ಅಲ್ಲೇ ನಿಂತರೆ ಕೆಲಸ ಮುಗಿದಂತೆ. ಇಷ್ಟೆಲ್ಲ ಆದ ಮೇಲೂ ಮುಳ್ಳು ಕೆಳಗೇ ಉಳಿದರೆ, ಮುಂದೆ ಪರೀಕ್ಷಿಸಬೇಕಾದದ್ದು ಉಷ್ಣಾಂಶದ ಸೆನ್ಸರನ್ನು. ಆಗ ಸ್ಕ್ಯಾನರ್ ತೋರಿಸುವ ಡಿಗ್ರಿ, ಹೀಟರ್ ಹೇಗಿದೆ ಎಂಬುದು, ಇವೆರಡನ್ನೂ ಬರೆದು ತಿಳಿಸಿ, ನೋಡಿ ಹೇಳುತ್ತೇನೆ.