ಪಿಟೀಲಿನ ಮುಂದೆ ಹೊಸಬರನ್ನು ಕೂರಿಸುವುದು ಹೇಗೆ?

ಪ್ರಶ್ನೆ: ನಾನು ಹಾಸನದವಳು, ವಯಸ್ಸು 23. ಹನ್ನೊಂದು ವರ್ಷಗಳಿಂದ ಕರ್ನಾಟಕ ಶೈಲಿಯ ಪಿಟೀಲು ಕಲಿಯುತ್ತಿದ್ದು, ಸೀನಿಯರ್ ಪರೀಕ್ಷೆ ಮುಗಿಸಿ ಅದರ ಮುಂದಿನ ವಿದ್ವತ್ ಪರೀಕ್ಷೆಗೆ ಸಿದ್ಧಳಾಗುತ್ತಿದ್ದೇನೆ. ಸಭೆಗಳಲ್ಲಿ ಅದೇ ನಲವತ್ತು ಮಂದಿ ಹಿರಿಯರ ಮುಂದೆ ನುಡಿಸುವುದರ ಜೊತೆಗೆ ಶಾಲೆಗಳಿಗೂ ಸಕಲೇಶಪುರದ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಗಳಿಗೂ ಹೋಗಿ ನುಡಿಸಬೇಕೆಂಬ ಆಸೆ. ಕಳೆದ ವರ್ಷ ಒಂದು ಶಾಲೆಯಲ್ಲಿ ಇಪ್ಪತ್ತು ನಿಮಿಷ ಕಲ್ಯಾಣಿ ರಾಗದ ಆಲಾಪನೆ (ಸಾಹಿತ್ಯ, ತಾಳಗಳಿಲ್ಲದೆ ರಾಗವನ್ನು ಬಿಡಿಸುವುದು) ಮಾಡಿದೆ, ಮಕ್ಕಳು ಆಕಳಿಸಿದರು. ಕೊನೆಯಲ್ಲಿ ಸಿನಿಮಾ ಹಾಡು ನುಡಿಸಿದಾಗ ಮಾತ್ರ ಚಪ್ಪಾಳೆ ಬಿತ್ತು. ಕೀಬೋರ್ಡ್, ಡ್ರಮ್ಸ್ ಸೇರಿಸು ಎನ್ನುತ್ತಾರೆ ಗೆಳೆಯರು. ಅದು ಅಪಚಾರ ಎನ್ನುತ್ತಾರೆ ಗುರುಗಳು. ಯಾರ ಮಾತು ಕೇಳಲಿ? (ಹೆಸರು ಬೇಡ)

ಉತ್ತರ: ಮೊದಲಿಗೆ, ಆ ಮಕ್ಕಳ ಮೇಲೆ ಬೇಸರಿಸಬೇಡಿ. ರಾಗವನ್ನು ಬಲ್ಲವರು ಮುಂದೆ ಬರಬಹುದಾದ ಸಂಚಾರವನ್ನು, ಎಂದರೆ ಸ್ವರಗಳ ನಡೆಯನ್ನು, ಮನಸ್ಸಿನಲ್ಲೇ ಊಹಿಸುತ್ತ, ಅದು ತಡವಾಗಿ ಬಂದಾಗ ತಲೆದೂಗುತ್ತ ಕೇಳುವಂಥದ್ದು ದೀರ್ಘ ಆಲಾಪನೆ. ಊಹಿಸಲು ಏನೂ ಇಲ್ಲದವರಿಗೆ ಅದು ಬರೀ ಉದ್ದವಾಗಿ ಕೇಳಿಸುತ್ತದೆ.

ಅಪಚಾರ ಎಂಬ ಮಾತನ್ನು ನಾನು ಒಪ್ಪಲಾರೆ, ಏಕೆಂದರೆ ಪಿಟೀಲೇ ನಮ್ಮಲ್ಲಿಗೆ ಬಂದ ಹೊಸಬ. ಸಂಗೀತ ರಚನಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಐರೋಪ್ಯ ವಾದಕರಿಂದ ಕಲಿತು ತಂದ ಈ ವಾದ್ಯ, ನಿಂತು ಗಲ್ಲದಡಿ ಹಿಡಿಯುವ ಭಂಗಿ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕುಳಿತವರ ಬಲಗಾಲಿನ ಹರಡಿನ ಮೇಲೆ ತಲೆಯೂರಿತು. ತಂತಿಗಳು ಷಡ್ಜ-ಪಂಚಮ (ಸ-ಪ), ಷಡ್ಜ-ಪಂಚಮಕ್ಕೆ ಶ್ರುತಿಗೊಂಡವು. ತಿರುಮಕೂಡಲು ನರಸೀಪುರದ ಟಿ. ಚೌಡಯ್ಯನವರು (1895–1967), ಮೈಕು ಇಲ್ಲದ ಸಭೆಯ ಕಡೆಯ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಏಳು ತಂತಿ ಕಟ್ಟಿದರು. ಇವರೆಲ್ಲ ಬದಲಿಸಿದ್ದು ಭಂಗಿಯನ್ನು, ತಂತಿಯನ್ನು; ಸ್ವರವನ್ನು ತೂಗಿ ಜಾರಿಸುವ ಗಮಕವನ್ನಲ್ಲ. ಕೀಬೋರ್ಡ್ ವಿಷಯದಲ್ಲಿ ನಾನು ನಿಮ್ಮ ಗುರುಗಳ ಕಡೆಗೇ ನಿಲ್ಲುವುದು ಇದಕ್ಕಾಗಿ. ತೋಡಿ ರಾಗದ ಗಾಂಧಾರ ಸ್ವರ ಒಂದೆಡೆ ನಿಲ್ಲದೆ ತೂಗುತ್ತದೆ. ವೀಣೆಗಿರುವಂಥ ಮೆಟ್ಟಿಲಿಲ್ಲದ ಪಿಟೀಲಿಗೆ ಅದು ಸಲೀಸು. ಅದರ ಕೆಳಗೆ ಕೀಬೋರ್ಡಿನ ಸ್ಥಿರ ಸ್ವರಗಳನ್ನು ಒತ್ತಿ ಹಿಡಿದರೆ ತೂಗುವುದಕ್ಕೆ ಎಡೆಯೇ ಇರದು. ಲಯದ ಆಕರ್ಷಣೆ ಬೇಕಿದ್ದರೆ ಒಬ್ಬ ಖಂಜಿರದವರನ್ನು ಕರೆದೊಯ್ಯಿರಿ. ಗೇಣಗಲದ ಆ ವಾದ್ಯದಿಂದ ಅಷ್ಟು ದೊಡ್ಡ ಸದ್ದು ಬರುವುದನ್ನು ಕಂಡ ಮಗು ಡ್ರಮ್ಸ್ ಕೇಳುವುದಿಲ್ಲ.

ಇನ್ನು, ನೀವು ಹೊಸಬರೆನ್ನುವ ಈ ಜನ ನಿಜಕ್ಕೂ ಹೊಸಬರೇನಲ್ಲ. ನಮ್ಮ ಜಿಲ್ಲೆಯಲ್ಲಿ ಮದುವೆಯ ವಾಲಗವನ್ನೂ ಊರ ತೇರಿನ ನಾಗಸ್ವರವನ್ನೂ ಕೇಳದೆ ಬೆಳೆದವರು ಅಪರೂಪ. ರಾಗದ ಹೆಸರು ಗೊತ್ತಿಲ್ಲ, ಕಿವಿಗೆ ಪರಿಚಯವಿದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿಯ ದಡದ ಒಂದು ಹಳ್ಳಿ, ಆರ್.ಕೆ. ಶ್ರೀಕಂಠನ್ (1920–2014) ಅವರಂಥ ವಿದ್ವಾಂಸರು ಅಲ್ಲಿಂದಲೇ ಬಂದರು. ಅಲ್ಲಿನ ತಂಬೂರಿಯಾಕಾರದ ಮಂದಿರವನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ, ಸಂಗೀತವೆಂದರೆ ಬೆಂಗಳೂರಿನದೆಂಬ ಭಾವನೆ ಅರ್ಧ ಹೋಗುತ್ತದೆ.

ಆದ್ದರಿಂದ ಬದಲಾಗಬೇಕಾದದ್ದು ಕೂಟದ ರೀತಿ. ವೇದಿಕೆ, ಮೈಕು ಬಿಟ್ಟು ಒಂದೇ ತರಗತಿಯ ಮಕ್ಕಳ ನಡುವೆ ಚಾಪೆಯ ಮೇಲೆ ಕೂತು ನಲವತ್ತು ನಿಮಿಷ ನುಡಿಸಿ. ಪಿಟೀಲು ಮುಟ್ಟುವ ಮೊದಲು ಆದಿತಾಳ ಹೇಳಿಕೊಡಿ: ಒಂದು ತಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ತಟ್ಟಿ ತಿರುವುವುದು ಎರಡು ಸಲ, ಒಟ್ಟು ಎಂಟು ಎಣಿಕೆ. ಅದು ಕೈಗೆ ಹತ್ತಿದ ಮೇಲೆ ಕೃತಿ ಶುರು ಮಾಡಿದರೆ, ಕೈ ತಪ್ಪದಂತೆ ನೋಡಿಕೊಳ್ಳುವ ಕೆಲಸವೇ ಅವರನ್ನು ಹಿಡಿದಿಡುತ್ತದೆ. ಮುಂದೆ ‘ತಕ ತಕಿಟ’ ಎಂದು ಐದೆಣಿಕೆಯ ಖಂಡಚಾಪು ತಾಳ ಹೇಳಿಸಿ, ಗದ್ದಲವಾಗುತ್ತದೆ, ಆಗಲಿ. ನಡುವೆ ಒಂದೇ ಸಂಚಾರವನ್ನು ಗಮಕವಿಲ್ಲದೆ ಒಮ್ಮೆ, ಗಮಕದೊಡನೆ ಒಮ್ಮೆ ನುಡಿಸಿ, ವ್ಯತ್ಯಾಸವೇನೆಂದು ಅವರನ್ನೇ ಕೇಳಿ. ಪಿಟೀಲಿಗೆ ಮಾತು ಬಾರದ ಕಾರಣ ಸಾಹಿತ್ಯವನ್ನು ಮೊದಲು ಹಾಡಿ ತೋರಿಸುವುದನ್ನು ಮರೆಯಬೇಡಿ. ದೇವರನಾಮವಾದರೆ ಪಲ್ಲವಿಯನ್ನು ಅವರೇ ಹಾಡಲಿ. ಆಲಾಪನೆಗೆ ಮೂರು ನಿಮಿಷ ಸಾಕು. ಸಿನಿಮಾ ಹಾಡಿಗೆ ನಾಚಬೇಕಿಲ್ಲ, ಆದರೆ ಅದನ್ನು ನಡುವೆ ನುಡಿಸಿ ಅದರ ರಾಗವನ್ನು ಬಿಡಿಸಿ ತೋರಿಸಿ. ಕೊನೆಗಿಟ್ಟರೆ ಉಳಿದ ಕಛೇರಿಯೆಲ್ಲ ಅದಕ್ಕಾಗಿ ಕಾಯುವ ಸರತಿಯ ಸಾಲಾಗುತ್ತದೆ.

ತೋಟಗಳಿಗೆ ಹೋಗುವುದಾದರೆ ಕಾಫಿ ಕೊಯ್ಲು ನಡೆಯುವ ನವೆಂಬರ್–ಫೆಬ್ರವರಿ ಬೇಡ; ದಿನವಿಡೀ ಹಣ್ಣು ಕೊಯ್ದು ದಣಿದವರನ್ನು ಸಂಜೆ ಕೂರಿಸುವುದು ನ್ಯಾಯವಲ್ಲ. ಮಳೆಗಾಲದಲ್ಲಿ ಶೀಟಿನ ಮಾಡಿನ ಮೇಲೆ ಬೀಳುವ ಮಳೆ ನಿಮ್ಮ ಪಿಟೀಲನ್ನು ಮುಳುಗಿಸುತ್ತದೆ, ತೇವಕ್ಕೆ ತಂತಿ ಬಿಗಿಯುವ ಬಿರಡೆ ಸಿಕ್ಕಿಕೊಂಡು ಕಮಾನಿನ ಕೂದಲು ಸಡಿಲವಾಗುತ್ತದೆ. ಮಾರ್ಚ್ ನಂತರದ ಸಂಜೆಗಳು ಒಳ್ಳೆಯವು. ಅಲ್ಲಿ ಹಲವರ ಮನೆಮಾತು ತಮಿಳು ಅಥವಾ ತುಳು. ಮೊದಲು ಅವರಿಂದ ಒಂದು ಹಾಡು ಹಾಡಿಸಿ, ಅದನ್ನೇ ಪಿಟೀಲಿನಲ್ಲಿ ಹಿಂಬಾಲಿಸಿ; ಹಾಡುವವರ ಬೆನ್ನಿಗೆ ಹೋಗುವುದು ಪಕ್ಕವಾದ್ಯದವರಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ.

ಹತ್ತು ಶಾಲೆಗಳಿಗೆ ಒಂದೊಂದು ಸಲ ಹೋಗುವ ಬದಲು ಆಕಳಿಸಿದ ಆ ಶಾಲೆಗೇ ವರ್ಷಕ್ಕೆ ನಾಲ್ಕು ಸಲ ಹೋಗಿ. ಕಲ್ಯಾಣಿಯನ್ನು ನಾಲ್ಕನೆಯ ಸಲಕ್ಕೆ ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಐದು ಸ್ವರದ ಮೋಹನ ರಾಗ ಸಾಕು.