ನೀರಿಲ್ಲದ ಕಡೆ ಬೆಳೆಯುವ ಹೂವಲ್ಲ ಅದು

ನಮಸ್ಕಾರ. ಸಿನಾಯ್ ಪ್ರಿಮ್‌ರೋಸ್ ಗಿಡದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸರಾಗವಾಗಿದೆ, ವಿಷಯವೂ ಒಳ್ಳೆಯದೇ. ಆದರೆ ಮೊದಲ ಸಾಲಿಗೇ ಸಿಟ್ಟು ಬಂತು, ಎರಡನೇ ಸಲ ಓದಿದಾಗಲೂ ಇಳಿಯಲಿಲ್ಲ.

"ಒಂದು ಹನಿ ನೀರೂ ಇಲ್ಲದ ಮರುಭೂಮಿಯಲ್ಲಿ, ಸುಡುವ ಮರಳನ್ನು ಸೀಳಿ ನಗುವ ಹಳದಿ ಹೂವು" ಅಂತ ಶುರು ಮಾಡಿದ್ದೀರಿ. ಮರಳು ಎಲ್ಲಿಂದ ಬಂತು? ಈ ಗಿಡ, ವೈಜ್ಞಾನಿಕ ಹೆಸರಿನಲ್ಲಿ ಪ್ರಿಮುಲಾ ಬೊವಿಯಾನಾ, ಇರುವುದು ಈಜಿಪ್ಟಿನ ಸೇಂಟ್ ಕ್ಯಾಥರೀನ್ ಬೆಟ್ಟಗಳಲ್ಲಿ ಮಾತ್ರ. ಬೇರೆಲ್ಲೂ ಕಾಡುಗಿಡವಾಗಿ ಸಿಗುವುದಿಲ್ಲ. ಅದೂ 1,700 ಮೀಟರಿಗಿಂತ ಮೇಲೆ, ಚಳಿಗಾಲದಲ್ಲಿ ಹಿಮ ಬೀಳುವ ಜಾಗದಲ್ಲಿ. ಅಲ್ಲಿ ಮಳೆ ತೀರಾ ಕಡಿಮೆ, ನಿಜ. ಆದರೆ ಆ ಮಳೆ, ಆ ಹಿಮ ಕರಗಿದ ನೀರು ಕೆಂಪು ಗ್ರಾನೈಟಿನ ಬಿರುಕುಗಳಲ್ಲಿ ಇಳಿದು, ಇನ್ನೆಲ್ಲೋ ಬಂಡೆಯ ಸಂದಿಯಿಂದ ಜಿನುಗುತ್ತದೆ. ಆ ಜಿನುಗಿನ ಪಕ್ಕದಲ್ಲಿ, ನೆರಳಿರುವ ಒದ್ದೆ ಬಂಡೆಗೆ ಅಂಟಿಕೊಂಡು ಈ ಗಿಡ ಬದುಕುತ್ತದೆ. ಎಲೆಯ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ, ದಂಟಿನ ಸುತ್ತ ಸುತ್ತುಸುತ್ತಾಗಿ ಹಳದಿ ಹೂವು. ಒರತೆ ಬತ್ತಿತೋ, ಗಿಡ ಹೋಯಿತು. ಅದಕ್ಕಿರುವ ದೊಡ್ಡ ಅಪಾಯವೇ ಬರ. ನೀವು ಮೊದಲ ಸಾಲಿನಲ್ಲೇ ನೀರನ್ನು ತೆಗೆದುಹಾಕಿದ್ದೀರಿ. ಇನ್ನು ಆ ಗಿಡ ಯಾಕೆ ಸಾಯುತ್ತಿದೆ ಅಂತ ಓದುಗರಿಗೆ ಹೇಗೆ ಹೇಳುತ್ತೀರಿ?

ಇನ್ನು ಐದನೇ ಪ್ಯಾರಾ. ಇಡೀ ಲೇಖನ ನಿಂತಿರುವುದು ಅದರ ಮೇಲೆ, ಆದರೆ ಅದಕ್ಕೆ ಕೊಟ್ಟಿರುವುದು ಮೂರೇ ಸಾಲು.

"ಇದು ಐಯುಸಿಎನ್ ಕೆಂಪು ಪಟ್ಟಿಯಲ್ಲಿರುವ ಅಪರೂಪದ ಗಿಡ." ಐಯುಸಿಎನ್ ಅನ್ನುವ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಜೀವಿಗಳ ಅಳಿವಿನ ಅಪಾಯ ಅಳೆದು ಮಾಡುವ ಈ ಕೆಂಪು ಪಟ್ಟಿಯಲ್ಲಿ ಯಾವ ಆತಂಕವೂ ಇಲ್ಲದ ಸಾವಿರಾರು ಜೀವಿಗಳೂ ಇವೆ. ಪಟ್ಟಿಯಲ್ಲಿದೆ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಯಾವ ವರ್ಗದಲ್ಲಿದೆ ಅನ್ನಬೇಕು. ಇದು ಇರುವುದು ತೀವ್ರ ಅಳಿವಿನಂಚಿನ ವರ್ಗದಲ್ಲಿ. ಅದರಾಚೆ ಉಳಿದಿರುವುದು ಎರಡೇ: ಕಾಡಿನಲ್ಲಿ ಅಳಿದದ್ದು, ಪೂರ್ತಿ ಅಳಿದದ್ದು.

ನಾನು ಪತ್ರಿಕೆಗೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರ ಪಕ್ಕದ ಮೇಜು ನನ್ನದು. ಯಾರದೇ ಬರಹವಿರಲಿ, "ಅಪರೂಪದ" ಅನ್ನುವ ಮಾತು ಕಂಡರೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಪಕ್ಕದಲ್ಲಿ "ಎಷ್ಟು? ಎಲ್ಲಿ? ಎಣಿಸಿದ್ದು ಯಾರು?" ಅಂತ ಬರೆದು ವಾಪಸ್ ಕಳಿಸುತ್ತಿದ್ದರು. ದೊಡ್ಡ ಹೆಸರಿನವರಿಗೂ ವಿನಾಯಿತಿ ಇರಲಿಲ್ಲ. ಆ ಹಾಳೆಗಳನ್ನು ಅಂಚೆಗೆ ಹಾಕುವ ಕೆಲಸ ನನ್ನದಾಗಿತ್ತು, ಹಾಕುವ ಮುಂಚೆ ಒಂದೊಂದನ್ನೂ ಓದುತ್ತಿದ್ದೆ. ಬರೆಯುವುದು ನಾನು ಕಲಿತದ್ದು ಜಾಸ್ತಿ ಅಲ್ಲೇ.

"ಈಗ ಕೆಲವೇ ಕೆಲವು ಉಳಿದಿವೆ." ಯಾವುದನ್ನು ಎಣಿಸಿ ಹೇಳುತ್ತಿದ್ದೀರಿ? ನೀರು ಚೆನ್ನಾಗಿರುವ ವರ್ಷ ಒರತೆಯ ಸುತ್ತ ಸಣ್ಣ ಸಸಿಗಳು ಸಾಕಷ್ಟು ಹುಟ್ಟುತ್ತವೆ, ಬಹುಪಾಲು ಹೂ ಬಿಡುವ ಮುಂಚೆಯೇ ಒಣಗುತ್ತವೆ. ಹಾಗಾಗಿಯೇ ಕೆಂಪು ಪಟ್ಟಿಯವರು ಬೀಜ ಕೊಡುವಷ್ಟು ಬಲಿತ ಗಿಡಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಗಿಡಗಳ ಸಂಖ್ಯೆಯೊಂದನ್ನೇ ನೋಡುವುದೂ ಇಲ್ಲ. ಗಿಡ ಆವರಿಸಿರುವ ಜಾಗ 10 ಚದರ ಕಿಲೋಮೀಟರಿಗಿಂತ ಕಡಿಮೆಯಿದ್ದು, ಅದೂ ಚೂರುಚೂರಾಗಿ ಹಂಚಿಹೋಗಿ, ಇಳಿಯುತ್ತಲೇ ಇದ್ದರೆ ಅಷ್ಟೇ ಸಾಕು, ಈ ವರ್ಗಕ್ಕೆ ಸೇರುತ್ತದೆ. ಇದನ್ನೆಲ್ಲ ಓದುಗರಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

"ಉದ್ಯಾನಗಳಲ್ಲಿ ಬೆಳೆಸಿದರೆ ಉಳಿದೀತು." ಈ ಸಾಲು ನನ್ನನ್ನು ಜಾಸ್ತಿ ಕಾಡಿತು. ಕುಂಡದಲ್ಲಿ ಬೆಳೆದ ಗಿಡದಿಂದ ಕಾಡಿನ ಗಿಡದ ವರ್ಗ ಬದಲಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಈ ಹೂವು ತನ್ನ ಪರಾಗದಿಂದಲೇ ಬೀಜ ಕಟ್ಟುತ್ತದೆ. ಒಂದು ಒರತೆಯ ಗಿಡಗಳು ತಮ್ಮೊಳಗೆ ಹೆಚ್ಚುಕಡಿಮೆ ಒಂದೇ ಥರ, ಇನ್ನೊಂದು ಒರತೆಯವಕ್ಕಿಂತ ಬೇರೆ. ಒಂದೇ ಜಾಗದ ಬೀಜ ತಂದು ಎಷ್ಟು ಉದ್ಯಾನ ತುಂಬಿಸಿದರೂ, ಬತ್ತಿಹೋದ ಇನ್ನೊಂದು ಒರತೆಯ ವಂಶ ವಾಪಸ್ ಬರುವುದಿಲ್ಲ ಅಲ್ವಾ? ಬೀಜ ಸಂಗ್ರಹಿಸಬೇಕು, ಖಂಡಿತ ಬೇಕು, ಆದರೆ ಪ್ರತಿ ಒರತೆಯಿಂದಲೂ.

ಉಳಿದದ್ದರ ಬಗ್ಗೆ ಈಗ ಮಾತಾಡುವುದಿಲ್ಲ. ಐದನೇ ಪ್ಯಾರಾವನ್ನು ಎರಡು ಪುಟಕ್ಕೆ ಹಿಗ್ಗಿಸಿ. ಒರತೆಯಿಂದ ಶುರು ಮಾಡಿ, ಹೂವು ಆಮೇಲೆ ಬರಲಿ. ಮುಂದಿನ ಸಂಚಿಕೆಗೆ ತಡವಾದರೂ ಪರವಾಗಿಲ್ಲ, ಅದರ ಮುಂದಿನದರಲ್ಲಿ ಜಾಗ ಇಟ್ಟಿರುತ್ತೇನೆ.